ಹಿಮವಿಳಿಕೆಯಲ್ಲಿ ಕಾಣೆಯಾದ ನಾಲ್ಕು ಜನ ಗಟ್ಟಿಗರು

ಮಿನೊಸಾವಾ ಪುರಸಭೆಯ ಉತ್ಸವ ನಾಮಕರಣ ವಿಭಾಗದ ಮುಖ್ಯಸ್ಥರಾದ ಮಾನ್ಯ ಕುರಾಶಿಮಾ ಅವರೇ,

ಈ ಕೊರೆಯುವ ಚಳಿಯಲ್ಲಿ ತಮ್ಮ ಕಚೇರಿಯ ಒಲೆ ಚೆನ್ನಾಗಿ ಉರಿಯುತ್ತಿದೆಯೆಂದೂ ತಮ್ಮ ಕತ್ತರಿಯ ಹರಿತ ಕಿಂಚಿತ್ತೂ ಕುಂದಿಲ್ಲವೆಂದೂ ನಂಬಿ, ಬಸ್ ನಿಲ್ದಾಣದ ಹಿಂದೆ ಮೂವತ್ತೆಂಟು ವರ್ಷಗಳಿಂದ ಸೋಯಾ ಹಾಲು ಹೆಪ್ಪಿಸಿ ತೋಫು ಮಾಡುತ್ತಿರುವ ನಾನು ತಲೆಬಾಗಿ ಬಿನ್ನವಿಸಿಕೊಳ್ಳುವುದೇನೆಂದರೆ:

ನನ್ನ ಅಂಗಡಿಯ ಚಾವಣಿಯ ಮೇಲೆ ಆಳೆತ್ತರ ಹಿಮ ಕೂತು ತೊಲೆ ಕಿರ್ರೆನ್ನುತ್ತಿತ್ತು. ಪುರಸಭೆಯ ಪಟ್ಟಿಯಲ್ಲಿರುವ ಉತ್ಸವಗಳಿಗೆ ಮಾತ್ರ ಜನರನ್ನು ಕಳುಹಿಸಲಾಗುವುದೆಂದು ತಾವು ಅಪ್ಪಣೆ ಕೊಡಿಸಿದ್ದರಿಂದ, ಹಿಮ ಇಳಿಸುವುದನ್ನೂ ಒಂದು ಉತ್ಸವವೆಂದೇ ತೋರಿಸಿ ಅರ್ಜಿ ಹಾಕಿದೆ. ಉತ್ಸವದ ಹೆಸರು ಎಂಬಲ್ಲಿ, 'ತೊಗಾಶಿ ಇಟೊಯೆಯ ಚಾವಣಿ ಮುರಿಯುವ ಮೊದಲು ನಾಲ್ಕು ಜನ ಗಟ್ಟಿಗರು ಬಂದು ಹಿಮ ಇಳಿಸಿಕೊಡುವುದು' ಎಂದು ಬರೆದಿದ್ದೆ. ನಮ್ಮ ಹಳೆಯ ಉತ್ಸವಗಳಾದ ಹೂನೋಟ, ಚಂದ್ರನೋಟ, ಅಕ್ಕಿಕುಟ್ಟುಗಳ ಹಾಗೆ ಒಂದು ವಸ್ತು, ಒಂದು ಕೆಲಸ, ಎರಡೇ ಪದ ಎಂಬ ನಿಯಮ ಹೇಳಿ ತಾವು ಅದನ್ನು 'ಹಿಮವಿಳಿಕೆ' ಎಂದು ಕತ್ತರಿಸಿಕೊಟ್ಟಿರಿ. ಆಹಾ, ಎಂಥ ಕೈಚಳಕ! ನಾನು, ನನ್ನ ಚಾವಣಿ, ನಾಲ್ಕು ಜನ ಗಟ್ಟಿಗರು, ಎಲ್ಲ ಒಂದೇ ಏಟಿಗೆ ಮಂಗಮಾಯ.

ಭಾನುವಾರ ಹಿಮ ಇಳಿಯುವುದನ್ನು ನೋಡಲು ಇಡೀ ಊರು ಬಂತು. ವಸಂತದ ಹೂನೋಟಕ್ಕೆ ಮರದಡಿ ಕೂರುವಂತೆಯೇ ನೀಲಿ ಟಾರ್ಪಾಲು ಹಾಸಿ, ಊಟದ ಡಬ್ಬಿ ಬಿಚ್ಚಿ, ಬಿಸಿ ಅಕ್ಕಿಮದ್ಯ ಹೀರುತ್ತ ಕತ್ತೆತ್ತಿ ಕೂತಿತು. ಸಲಿಕೆ ಒಬ್ಬರ ಕೈಯಲ್ಲೂ ಇರಲಿಲ್ಲ. ಎಪ್ಪತ್ತೊಂದು ವರ್ಷದ ನಾನೇ ಏಣಿ ಹತ್ತಿದೆ. ಮೊದಲ ಸಲಿಕೆ ಹಿಮಕ್ಕೆ ಚಪ್ಪಾಳೆಯೂ ಬಿತ್ತು. ಇದೇನು ನ್ಯಾಯವೆಂದು ಮೇಲಿಂದಲೇ ಕೇಳಿದ್ದಕ್ಕೆ, ತಾವು ಉಪ್ಪು ಹಾಕಿದ ಮೂಲಂಗಿ ಕಡಿಯುತ್ತ ಹೇಳಿದಿರಿ: "ಹೆಸರಲ್ಲಿ ಹಿಮ ಇದೆ, ಇಳಿಕೆನೂ ಇದೆ, ಇಟೊಯೆ ಅಜ್ಜಿ. ಯಾರು ಇಳಿಸ್ಬೇಕು ಅಂತ ಎಲ್ಲಿದೆ, ತೋರಿಸಿ ನೋಡೋಣ."

ತೋರಿಸಲಾಗಲಿಲ್ಲ, ಕ್ಷಮಿಸಬೇಕು, ಅಷ್ಟರಲ್ಲಿ ಹಿಮದ ಜೊತೆ ನಾನೂ ಇಳಿದು ತಮ್ಮ ಡಬ್ಬಿಯ ಪಕ್ಕದಲ್ಲೇ ಬಿದ್ದಿದ್ದೆ. ಈಗ ಸೊಂಟ ಹಿಡಿದಿದೆ. ಅರ್ಧ ಚಾವಣಿಯ ಹಿಮ ಹಾಗೇ ಇದೆ, ತೊಲೆ ಮತ್ತೆ ಕಿರ್ರೆನ್ನುತ್ತಿದೆ, ಅದರ ಕೆಳಗೆ ನಿಂತು ಸೋಯಾ ಕಾಳು ರುಬ್ಬಲು ನನಗೆ ನಿಜಕ್ಕೂ ಭಯವಾಗುತ್ತದೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಮೂರನೆಯದೊಂದು ಪದ ದಯಪಾಲಿಸಬೇಕು; ಅದಾಗದಿದ್ದರೆ, ವಸಂತ ಬರುವವರೆಗೆ ಬೀಳಕೂಡದೆಂದು ಆ ಹಿಮಕ್ಕೊಂದು ನೋಟೀಸನ್ನಾದರೂ ಜಾರಿ ಮಾಡಬೇಕು.

ಏಣಿಯನ್ನು ಇನ್ನೂ ತೆಗೆಯದಿರುವ,
ತಮ್ಮ ವಿಶ್ವಾಸಿ,
ತೊಗಾಶಿ ಇಟೊಯೆ

ತಾ.ಕ.: ನಿಯಮದಂತೆ ಹೊಸ ಉತ್ಸವವೊಂದಕ್ಕೂ ಅರ್ಜಿ ಹಾಕಿದ್ದೇನೆ: 'ಅಧಿಕಾರಿಯೇರಿಕೆ'. ಎರಡೇ ಪದ ಇದ್ದುದರಿಂದ ತಮ್ಮ ಸಹಾಯಕರು ಓದದೆಯೇ ಮುದ್ರೆ ಒತ್ತಿದರು. ಬರುವ ಭಾನುವಾರ, ನನ್ನ ಚಾವಣಿಯ ಮೇಲೆ. ಯಾರು ಏರಿಸುತ್ತಾರೆಂದು ಹೆಸರಿನಲ್ಲಿಲ್ಲವಲ್ಲ ಎಂಬ ಚಿಂತೆ ತಮಗೆ ಬೇಡ. ಊರಿಗೆ ಊರೇ ಬರುತ್ತದಂತೆ. ತೋಫು ನನ್ನದು, ಸಲಿಕೆ ಮಾತ್ರ ತಾವೇ ತರಬೇಕು.