ತುಪ್ಪ ಬಡಿಸುವವನ ಹೃದಯ ಸಮೀಕ್ಷೆ

ಒಂದು ಊರಿನಲ್ಲಿ ಹೃದ್ರೋಗಿಗಳು ಎಷ್ಟಿದ್ದಾರೆಂಬುದು ಡಾಕ್ಟರರಿಗಿಂತ ಮೊದಲು ತಿಳಿಯುವುದು ಊಟದ ಪಂಕ್ತಿಯಲ್ಲಿ ತುಪ್ಪ ಬಡಿಸುವವನಿಗೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಸಿದ್ದಾಪುರದ ಕಡೆ ಗಣಿತದ ಮಾಸ್ತರನಾಗಿದ್ದ ನನಗೆ ಮದುವೆ ಉಪನಯನಗಳಲ್ಲಿ ತುಪ್ಪದ ಪಾತ್ರೆ ಹಿಡಿಯುವುದೆಂದರೆ ಪಾಠ ಮಾಡುವುದಕ್ಕಿಂತ ಹೆಚ್ಚಿನ ಉತ್ಸಾಹ. ತೊಂಬತ್ತರ ದಶಕದ ಆರಂಭದಲ್ಲಿ ಇಡೀ ಪಂಕ್ತಿಗೆ ಒಬ್ಬರೋ ಇಬ್ಬರೋ ಬಾಳೆಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ದಶಕ ಮುಗಿಯುವ ಹೊತ್ತಿಗೆ ಶಿರಸಿಯಿರಲಿ, ಯಲ್ಲಾಪುರವಿರಲಿ, ಸಾಲಿನುದ್ದಕ್ಕೂ ಅಡ್ಡ ಕೈಗಳೇ. ಮೈಮುರಿದು ದುಡಿಯುವವರ ಹತ್ತಿರ ಈ ಕಾಯಿಲೆ ಸುಳಿಯದು ಎಂದುಕೊಂಡಿದ್ದೆ. ಬನವಾಸಿಯ ಕಡೆ ಗದ್ದೆ ಮಾಡುವ ಗೆಳೆಯನ ಮನೆಗೆ ಊಟಕ್ಕೆ ಹೋದಾಗ ಅವನ ಅಪ್ಪನೂ, "ಬ್ಯಾಡ್ರಿ ಮಾಸ್ತರ, ಎದಿ ಗುಳಿಗಿ ನಡದಾವ" ಎಂದು ಕೈ ಅಡ್ಡ ತಂದರು.

ಆದರೆ ನಮ್ಮಲ್ಲಿ, ಬೇಡವೆಂದವರಿಗೆ ಬಡಿಸದೆ ಮುಂದೆ ಹೋದರೆ ಅದು ಮರ್ಯಾದೆಯಲ್ಲ. ಬೇಡ ಎನ್ನುವುದು ಅವರ ಕೆಲಸ, ಬಡಿಸುವುದು ನಮ್ಮ ಕೆಲಸ. ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲೇ ಹೋಳಿಗೆಯ ಮೇಲೆ ತುಪ್ಪ ಇಳಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನನ್ನ ಹೆಂಡತಿಯ ಅಣ್ಣ ಸುಬ್ರಾಯ ಭಾವ ನನ್ನ ಓರಗೆಯವನು. ಅವನು ಹೃದಯಾಘಾತವಾಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ ಮೇಲೂ ನಾನು ಬಿಟ್ಟವನಲ್ಲ. "ಬ್ಯಾಡ್ದೋ ಭಾವ, ಡಾಕ್ಟ್ರು ಮುಟ್ಟಡ ಹೇಳಿದ್ದ" ಎಂದು ಅವನು ಎರಡೂ ಕೈ ಅಡ್ಡ ತಂದರೆ, "ಒಂದು ಸೌಟಿಗೆ ಎಂತೂ ಆಗ್ತಿಲ್ಲೆ" ಎಂದು ಬಗ್ಗಿಸಿಯೇ ಬಿಡುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ಸಾವಿರದ ಆಸುಪಾಸಿನಲ್ಲಿ, ಯಲ್ಲಾಪುರದ ಒಂದು ಮದುವೆ. ತುಪ್ಪದ ಎರಡನೇ ಸುತ್ತಿಗೆ ಹೊರಟಾಗ ನನ್ನ ಎಡಗೈ ಸೆಳೆಯತೊಡಗಿತು. ಪಾತ್ರೆಯ ಭಾರ ಎಂದುಕೊಂಡೆ. ಎದೆ ಬಿಗಿಯಿತು, ಗ್ಯಾಸು ಎಂದುಕೊಂಡೆ. ಬೆವರು ಇಳಿಯಿತು, ಅಡುಗೆ ಒಲೆಯ ಕಾವು ಎಂದುಕೊಂಡೆ. ಮೂರೂ ಲೆಕ್ಕಕ್ಕೆ ಮಾಸ್ತರರ ಉತ್ತರ ತಪ್ಪು! ಸುಬ್ರಾಯ ಭಾವನ ಎಲೆಯ ಮುಂದೆ ಬಗ್ಗಿದಾಗ ಅವನು ಕೈ ಅಡ್ಡ ತರಲಿಲ್ಲ, ನನ್ನ ಮುಖವನ್ನೇ ನೋಡಿದ. ನೋಡಿದವನು ಥಟ್ಟನೆ ಎದ್ದುಬಿಟ್ಟ. ಎಲ್ಲರ ಊಟ ಮುಗಿಯುವ ಮುಂಚೆ ಪಂಕ್ತಿಯಿಂದ ಏಳುವುದೆಂದರೆ ನಮ್ಮಲ್ಲಿ ಸಣ್ಣ ಅಪರಾಧವಲ್ಲ. ಹಿರಿಯರೆಲ್ಲ ಕೈಯಲ್ಲಿ ತುತ್ತು ಹಿಡಿದುಕೊಂಡೇ ಕಣ್ಣರಳಿಸಿದರು.

"ಗ್ಯಾಸು ಭಾವ, ಗ್ಯಾಸು" ಎಂದೆ.

"ಗ್ಯಾಸಲ್ಲ. ಎಂಗೂ ಹಿಂಗೇ ಆಗಿತ್ತು. ಮಾತಾಡಡ, ಕೂತ್ಕ" ಎಂದವನೇ ಎಡಗೈಯಿಂದ ತನ್ನ ಶಾಲಿನ ತುದಿಯ ಗಂಟು ಬಿಚ್ಚಿ ಒಂದು ಗುಳಿಗೆ ತೆಗೆದ. "ನಾಲಿಗೆ ಅಡಿಗೆ ಇಟ್ಕ, ನುಂಗಡ."

ಕೈ ತೊಳೆಯಲೂ ನಿಲ್ಲದೆ ನನ್ನ ಜೊತೆ ಜೀಪು ಹತ್ತಿದ. ಹುಬ್ಬಳ್ಳಿಯವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದ. ಅವನ ಕೈ ತುಪ್ಪದಿಂದ ಜಾರುತ್ತಿತ್ತು. ಮೊದಲ ಸುತ್ತಿನಲ್ಲಿ ಬೆರಳ ಸಂದಿಯಿಂದ ನಾನೇ ಬಡಿಸಿದ ತುಪ್ಪ ಅದು.

"ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರು. ಆಮೇಲೆ ನಿಧಾನವಾಗಿ ವಿವರಿಸಿದರು: "ಇದು ಬಂದು ಹೋಗುವ ನೆಂಟನಲ್ಲ ಮಾಸ್ತರೇ, ಮನೆಯಲ್ಲೇ ಉಳಿಯುವವನು. ಮಾತ್ರೆ ತಪ್ಪಿಸಬೇಡಿ, ಎಲೆಯಡಿಕೆ ಕವಳದ ತಂಬಾಕು ಬಿಡಿ, ದಿನಾ ನಡೆಯಿರಿ. ಇವನ ಜೊತೆಗೇ ಬಹಳ ವರ್ಷ ಬಾಳಬಹುದು." ಹಾಗೆಯೇ ಬಾಳುತ್ತಿದ್ದೇನೆ. ಬೆಳಿಗ್ಗೆ ಮಾತ್ರೆ ನುಂಗುವಾಗ ದೇವರನ್ನು ನೆನೆಯುತ್ತೇನೆ, ಡಾಕ್ಟರರನ್ನು ನೆನೆಯುತ್ತೇನೆ. ಅರ್ಧ ಊಟದಲ್ಲಿ ಎದ್ದ ಭಾವನನ್ನು ಎಲ್ಲರಿಗಿಂತ ಮೊದಲು ನೆನೆಯುತ್ತೇನೆ.

ನನ್ನ ಶಾಲಿಗೂ ಈಗ ಗಂಟು ಬಂದಿದೆ. ತುಪ್ಪದ ಪಾತ್ರೆ ಯಾರೂ ಕೊಡುವುದಿಲ್ಲ. ನೀರು ಬಡಿಸು ಎನ್ನುತ್ತಾರೆ. ಊಟಕ್ಕೆ ಭಾವನ ಪಕ್ಕದಲ್ಲೇ ಕೂರುತ್ತೇನೆ. ತುಪ್ಪದವನು ಹತ್ತಿರ ಬಂದಾಗ ನಾನೂ ಶಿಸ್ತಾಗಿ ಎಲೆಗೆ ಕೈ ಅಡ್ಡ ಹಿಡಿಯುತ್ತೇನೆ, "ಬೇಡ" ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಬೆರಳುಗಳ ನಡುವೆ ಮಾತ್ರ ಸ್ವಲ್ಪ ಜಾಗ ಉಳಿದಿರುತ್ತದೆ. ಸುಬ್ರಾಯ ಭಾವ ಎಡಗೈ ಚಾಚಿ, ನನ್ನ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಸೇರಿಸಿ, ತುಪ್ಪದವನು ಆಚೆ ದಾಟುವವರೆಗೂ ಹಾಗೆಯೇ ಹಿಡಿದಿರುತ್ತಾನೆ.