ಎಡೆಗೆ ಬಂದ ನೆಂಟ

ಎಲ್ಲಕ್ಕೂ ಮೂಲ ಮೊಬೈಲಿನ ಚಾರ್ಜು. ಕದಿರೇಶ ಮುಳಬಾಗಿಲಿನಿಂದ ತಾಯಲೂರಿನ ಕಡೆಗೆ ಬೈಕ್ ಹತ್ತಿದಾಗಲೇ ಅದು ಕೊನೆಯುಸಿರು ಎಳೆಯುತ್ತಿತ್ತು. ಅಪ್ಪಾಜಪ್ಪನವರ ಮನೆ ಮುಂದೆ ಇಳಿಯುವ ಹೊತ್ತಿಗೆ ಪೂರ್ತಿ ಸತ್ತುಹೋಯಿತು. ಹಬ್ಬದ ಮನೆಯಲ್ಲಿ ಮಿಕ್ಸಿಗೊಂದು, ಫ್ಯಾನಿಗೊಂದು ಅಂತ ಎಲ್ಲ ಪ್ಲಗ್ಗುಗಳೂ ಭರ್ತಿ. ಖಾಲಿ ಇದ್ದದ್ದು ಒಳಗಿನ ಕತ್ತಲೆ ಕೋಣೆಯದೊಂದೇ. ಅಲ್ಲಿಗೆ ಹೋಗಿ ಚಾರ್ಜರ್ ಸಿಕ್ಕಿಸಿ ಬಂದ. ಅದು ಆವತ್ತು ಹಿರಿಯರಿಗೆ ಎಡೆ ಇಡುವ ಕೋಣೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಮಹಾಲಯ ಅಮಾವಾಸ್ಯೆಯ ಆ ದಿನ ಅವನು ಉಣ್ಣಲೆಂದು ಬಂದವನಲ್ಲ, ಮಾನ ಉಳಿಸಿಕೊಳ್ಳಲು ಬಂದವನು. ಕದಿರೇಶ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಶ್ವೇತ ಅದೇ ಕಾಲೇಜಿನ ಲೈಬ್ರರಿಯಲ್ಲಿದ್ದಾಳೆ. ಇಬ್ಬರೂ ಮದುವೆಯಾಗುವುದೆಂದು ತೀರ್ಮಾನಿಸಿದ್ದರು. ಶ್ವೇತಳ ತಾಯಿ ಸುನಂದ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ತಾತ ಅಪ್ಪಾಜಪ್ಪ ಹೂಂ ಅನ್ನದೆ ಒಲೆಯ ಮೇಲಿನ ಹಾಲೂ ಉಕ್ಕುವುದಿಲ್ಲ. ಅವರೂ ಹೂಂ ಅನ್ನುವವರೇ ಇದ್ದರು. ಅಷ್ಟರಲ್ಲಿ ಆ ವಿಡಿಯೋ ಬಂತು.

ಕಾಲದಲ್ಲಿ ಹಿಂದಕ್ಕೆ ಹೋಗಲು ಆಗುತ್ತದೆಯೇ ಅಂತ ಕದಿರೇಶ ಕ್ಲಾಸಿನಲ್ಲಿ ಪಾಠ ಮಾಡಿದ್ದ. ‘ನೀವು ಹಿಂದಕ್ಕೆ ಹೋಗಿ, ನಿಮ್ಮಪ್ಪ ಹುಟ್ಟೋಕೆ ಮುಂಚೇನೇ ನಿಮ್ಮ ತಾತನ್ನ ಸಾಯಿಸಿಬಿಟ್ರಿ ಅಂತ ಇಟ್ಕೊಳ್ಳಿ’ ಅನ್ನುವಷ್ಟನ್ನು ಮಾತ್ರ ಯಾವನೋ ಪುಣ್ಯಾತ್ಮ ಕತ್ತರಿಸಿ ಹಂಚಿದ. ಪಕ್ಕದ ಮನೆಯ ಭಾರತಮ್ಮ ಅದನ್ನು ಅಪ್ಪಾಜಪ್ಪನವರ ಕಿವಿಗೆ ಹಿಡಿದು, ದನಿಯನ್ನು ಪೂರ್ತಿ ಏರಿಸಿ ಕೇಳಿಸಿದ್ದರು.

ಜಗಲಿಯ ಮೇಲೆ ವಿಚಾರಣೆ ಶುರುವಾಯಿತು. ಅಪ್ಪಾಜಪ್ಪನವರ ಪಕ್ಕದಲ್ಲಿ ಶ್ರೀನಿವಾಸಪುರದಿಂದ ವರ್ಷಾವರ್ಷ ಹಬ್ಬದೂಟಕ್ಕೆ ಬರುವ ಹಳೇ ಸ್ನೇಹಿತ, ಮಾವಿನ ವ್ಯಾಪಾರದ ರಹಮತ್ತುಲ್ಲಾ ಕೂತಿದ್ದರು.

“ಅಲ್ಲಾ ಮೇಷ್ಟ್ರೇ, ನಿಮ್ ತಾತ ನಿಮಗೇನ್ ಅನ್ಯಾಯ ಮಾಡಿದ್ದ?” ಅಂದರು ಅಪ್ಪಾಜಪ್ಪ.

“ಅದು ಉದಾಹರಣೆ ತಾತ. ತಾತ ಸತ್ರೆ ಅಪ್ಪ ಹುಟ್ಟಲ್ಲ. ಅಪ್ಪ ಇಲ್ದಿದ್ರೆ ನಾನೂ ಇಲ್ಲ. ನಾನೇ ಇಲ್ಲ ಅಂದ್ಮೇಲೆ ತಾತನ್ನ ಸಾಯಿಸಿದ್ದು ಯಾರು? ಅದಕ್ಕೇ ಹಿಂದಕ್ಕೆ ಹೋಗೋದು ಆಗದ ಮಾತು ಅಂದೆ.”

“ಯಾರನ್ನೂ ಸಾಯಿಸ್ದೆ ಹೇಳೋಕೆ ಬರಲ್ವಾ?” ಅಂತ ಭಾರತಮ್ಮ ಕಾಂಪೌಂಡಿನ ಮೇಲಿಂದ ಕೇಳಿದರು.

ರಹಮತ್ತುಲ್ಲಾರಿಗೆ ಪಾಪ ಅನ್ನಿಸಿತು. “ಹಂಗಾದ್ರೆ ದಾರೀನೇ ಇಲ್ವಾ ಮಾಸ್ಟರ್ ಸಾಬ್?”

ಪಾಠ ಹೇಳುವವನನ್ನು ಪ್ರಶ್ನೆ ಕೇಳಬಾರದು. ಕದಿರೇಶನ ಮುಖ ಅರಳಿತು. “ಲೆಕ್ಕದಲ್ಲಿ ಒಂದು ದಾರಿ ಐತೆ. ಮಾವಿನಹಣ್ಣಲ್ಲಿ ಹುಳ ಆ ಕಡೆಗೆ ಹೋಗ್ಬೇಕಾದ್ರೆ ಸಿಪ್ಪೆ ಮೇಲೆ ಸುತ್ತಬೇಕು, ಇಲ್ಲಾ ನಡುವೆ ಕೊರೀಬೇಕು. ಹಂಗೆ ಕಾಲದ ನಡುವೆ ಒಂದು ಬಿಲ. ವರ್ಮ್‌ಹೋಲ್ ಅಂತಾರೆ. ಆದ್ರೆ ತೆರೆದ ಕೂಡ್ಲೇ ಕುಸಿದುಬಿಡ್ತದೆ. ತೆರೆದು ಹಿಡಿಯೋಕೆ ನೆಗೆಟಿವ್ ಎನರ್ಜಿ ಬೇಕು, ಅಷ್ಟನ್ನ ಇದುವರೆಗೂ ಯಾರೂ ಕಂಡಿಲ್ಲ. ಮುಂದಕ್ಕಾದ್ರೆ ಹೋಗಬಹುದು. ವೇಗ ಹೆಚ್ಚಿದಷ್ಟೂ ಗಡಿಯಾರ ನಿಧಾನ ಆಗ್ತದೆ, ವಿಮಾನದಲ್ಲಿ ಇಟ್ಟು ನೋಡಿದ್ದಾರೆ. ಹಿಂದಕ್ಕೆ ಬರೋ ಹಂಗಿದ್ರೆ ಇಷ್ಟೊತ್ತಿಗೆ ಯಾರಾದ್ರೂ ಬಂದಿರ್ತಿದ್ರು.”

“ನಮ್ಮನೆಗೆ ವರ್ಷಾವರ್ಷ ಬರ್ತಾರೆ ಕಣಪ್ಪಾ. ಉಂಡು ಹೋಗ್ತಾರೆ.” ಅಪ್ಪಾಜಪ್ಪ ಎದ್ದು ಟವೆಲ್ ಕೊಡವಿದರು. “ಹಬ್ಬ ಮುಗೀಲಿ. ನಿನ್ ವಿಷಯ ಸಾಯಂಕಾಲ ಹೇಳ್ತೀನಿ.”

ಸಾಯಂಕಾಲದವರೆಗೆ ಏನು ಮಾಡುವುದು ಅಂತ ತೋಚದೆ ಕದಿರೇಶ ಮೊಬೈಲ್ ತರಲು ಒಳಕೋಣೆಗೆ ಹೋದ. ಅಪ್ಪಾಜಪ್ಪನವರ ತೀರಿಕೊಂಡ ಹೆಂಡತಿ ಆವಲಮ್ಮನಿಗೆ ಆಗಲೇ ಎಲೆ ಹಾಕಿತ್ತು. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಮಡಿಕೆ ಬಿಚ್ಚದ ಸೀರೆ, ಮುಂದೆ ದೀಪ, ಧೂಪ. ಅವನು ರಾಗಿ ಮೂಟೆಗಳ ಹಿಂದೆ ಬಗ್ಗಿ ಚಾರ್ಜರ್ ಕೀಳುತ್ತಿರುವಾಗ ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

“ಯಾರೂ ಬಾಗಿಲು ಮುಟ್ಟಬೇಡಿ. ಅವರು ಉಣ್ಣೋವಾಗ ಸದ್ದಾದ್ರೆ ಹಂಗೇ ಎದ್ದು ಹೋಗ್ತಾರೆ” ಅಂತ ಭಾರತಮ್ಮನ ದನಿ ಕೇಳಿತು.

ಒಳಗಿನಿಂದ ಬಾಗಿಲು ತಟ್ಟಿದರೆ ಹೊರಗಿರುವವರಲ್ಲಿ ಇಬ್ಬರಾದರೂ ಎಚ್ಚರ ತಪ್ಪಿ ಬೀಳುತ್ತಾರೆ. ಕದಿರೇಶ ಮೂಟೆಗೆ ಒರಗಿ ಸುಮ್ಮನೆ ಕೂತ. ಮೊಬೈಲ್ ನೋಡಿದರೆ ಅದಿನ್ನೂ ಸತ್ತೇ ಇತ್ತು. ಸ್ವಿಚ್ ಹಾಕುವುದನ್ನೇ ಮರೆತಿದ್ದ.

ಆಮೇಲೆ ದೀಪ ವಾಲಿತು. ಕೋಣೆಗೆ ಕಿಟಕಿಯಿಲ್ಲ, ಗಾಳಿಯಿಲ್ಲ. ಆದರೂ ದೀಪದ ಕುಡಿ ಒಂದೇ ಕಡೆಗೆ ಬಾಗಿ ನಿಂತಿತು. ಧೂಪದ ಹೊಗೆ ಮೇಲಕ್ಕೇರದೆ ನೆಲದ ಮೇಲೆ ಹರಿದು, ಮೂಲೆಯ ಕತ್ತಲೆಯೊಳಗೆ ಇಳಿದುಹೋಗುತ್ತಿತ್ತು. ಅಷ್ಟು ಹೊಗೆ ಹೋದರೂ ಮೂಲೆ ತುಂಬಲಿಲ್ಲ. ಕದಿರೇಶ ಮೂಟೆಗೆ ಇನ್ನಷ್ಟು ಅಂಟಿಕೊಂಡ. ಎದ್ದು ಓಡಬೇಕು ಅನ್ನಿಸಿದರೂ ಮೈ ಅವನ ಮಾತು ಕೇಳಲಿಲ್ಲ.

ಕರುಂ ಅಂತ ಸದ್ದಾಯಿತು. ಯಾರೋ ವಡೆ ಕಡಿದರು.

ಎಲೆಯ ಮುಂದೆ ಒಂದು ಬೆನ್ನು ಕಾಣಿಸಿತು. ಉಟ್ಟಿದ್ದ ಹೊಸ ಪಂಚೆಯ ಅಂಚಿನಲ್ಲಿ ಅಂಗಡಿಯ ಚೀಟಿ ಇನ್ನೂ ಹಾಗೇ ಅಂಟಿಕೊಂಡಿತ್ತು. ಆ ಮನುಷ್ಯ ಅಗಿಯುತ್ತಲೇ ತಿರುಗಿದ. “ಉಪ್ಪು ಕಮ್ಮಿ” ಅಂದ.

ಅಪ್ಪಾಜಪ್ಪ.

ಕದಿರೇಶನಿಗೆ ಹೋದ ಜೀವ ಬಂದಂತಾಯಿತು. ಸಕ್ಕರೆ ಕಾಯಿಲೆಯ ಮುದುಕ ಕಜ್ಜಾಯಕ್ಕಾಗಿ ಕದ್ದು ನುಗ್ಗಿದ್ದಾನೆ, ಅಷ್ಟೇ. “ತಾತ, ನೀವು ಯಾವಾಗ ಒಳಗೆ ಬಂದ್ರಿ?” ಅಂತ ಪಿಸುಗುಟ್ಟಿದ.

ಅದೇ ಹೊತ್ತಿಗೆ ಬಾಗಿಲಾಚೆ ಅಪ್ಪಾಜಪ್ಪ ಕೆಮ್ಮಿದರು. ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗುವಂಥ ಆ ಕೆಮ್ಮು ಊರಿಗೆಲ್ಲ ಒಂದೇ.

ಒಳಗಿದ್ದ ಅಪ್ಪಾಜಪ್ಪ ಕೈಯಲ್ಲಿದ್ದ ವಡೆಯನ್ನು ಹಾಗೇ ಹಿಡಿದು ಕಿವಿಗೊಟ್ಟರು. “ಯಾವನದು, ನನ್ ಥರಾನೇ ಕೆಮ್ಮೋನು?”

“ನೀವೇ... ತಾತ.”

ಮುದುಕ ಎಲೆ ನೋಡಿದರು, ಸೀರೆ ನೋಡಿದರು. “ಇದೆಲ್ಲಾ ಆವಲಮ್ಮಂದು. ನನ್ ಎಲೆ ಎಲ್ಲಿ? ಬೀಡಿ ಎಲ್ಲಿ? ಇದು ಯಾವ ವರ್ಷ ಕಣೋ?”

ಕದಿರೇಶ ಇಸವಿ ಹೇಳಿದ. ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಎರಡು ಸಲ ಹೇಳಬೇಕಾಯಿತು.

“ಅಯ್ಯೋ ದೇವುಡಾ! ಒಂದ್ ವರ್ಷ ಮುಂಚೇನೇ ಬಂದ್ಬಿಟ್ಟಿದ್ದೀನಿ! ಎಡೆಗೆ ಬರ್ತಿರೋದು ಮೊದಲ್ನೇ ಸಲ ಅಲ್ವಾ, ದಾರಿ ಅಭ್ಯಾಸ ಇಲ್ಲ.”

“ಇದು ಆಗಲ್ಲ ತಾತ. ಬಿಲ... ಕುಸಿದುಬಿಡ್ತದೆ...”

“ಕುಸೀತಿತ್ತು. ಆವಲಮ್ಮ ಅದರ ಬಾಯಿಗೆ ಕೈ ಕೊಟ್ಟು ಹಿಡ್ಕೊಂಡು ನಿಂತವ್ಳೆ. ‘ತ್ವರಗಾ ತಿನಿ ರಾ’, ಬೇಗ ತಿಂದು ಬಾ ಅಂತ ಅವಾಗಿಂದ ಬೈತಾನೇ ಅವ್ಳೆ. ಕೋಪ ಬಂದ್ರೆ ಅವಳಿಗೆ ತೆಲುಗೇ.”

ಹೊಗೆ ಇಳಿಯುತ್ತಿದ್ದ ಮೂಲೆಯಲ್ಲಿ ಬಳೆಗಳ ಸದ್ದಾಯಿತು. ಆವಲಮ್ಮ ಬದುಕಿದ್ದಾಗ ಅವರ ಬಾಯಿಗೆ ಹೆದರಿ ಕೈ ತೋರಿಸುವ ಮುಂಚೆಯೇ ಬಸ್ಸು ನಿಲ್ಲುತ್ತಿತ್ತು ಅಂತ ಶ್ವೇತ ಹೇಳಿದ್ದಳು. ನೆಗೆಟಿವ್ ಎನರ್ಜಿ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಕದಿರೇಶನಿಗೆ ಮತ್ತೆ ಏಳಲಿಲ್ಲ.

“ನೀವು... ಹೆಂಗೆ ತಾತ...”

“ಹೋದ ವರ್ಷ. ಅಂದ್ರೆ ಇವತ್ತೇ.” ಮುದುಕ ಮುದ್ದೆ ಮುರಿದು ಸಾರಿಗೆ ಅದ್ದಿದರು. “ಉಂಡು ಕೊಟ್ಟಿಗೇಲಿ ಮಂಚದ ಮೇಲೆ ಬಿದ್ಕೊಂಡೆ. ಮೇಲಿನ ತೊಲೆ ಗೆದ್ದಲು ತಿಂದಿತ್ತು, ಬಿತ್ತು. ಎಲ್ಲಾ ಕೂಗ್ತಾ ನಿಂತಿದ್ರು, ತೊಲೆಗೆ ಹೆಗಲು ಕೊಟ್ಟೋನು ನೀನೊಬ್ನೇ. ಅದಕ್ಕೇ ಸಾಯೋವಾಗ ಮೊಮ್ಮಗಳ ಕೈ ನಿನ್ ಕೈಯಲ್ಲಿಟ್ಟೆ. ಇಲ್ದಿದ್ರೆ ಎಲ್ಲಿ ಕೊಡ್ತಿದ್ದೆ? ಸಾಯಂಕಾಲ ಆಗಲ್ಲ ಅಂತ ಹೇಳಿ ಕಳಿಸ್ಬೇಕು ಅಂತಿದ್ದೆ.” ಆಮೇಲೆ ಪ್ರೀತಿಯಿಂದ ಅವನ ಮುಖ ನೋಡಿದರು. “ಹುಡುಗೀನ ಚೆನ್ನಾಗಿ ನೋಡ್ಕೊಂಡಿದ್ದೀಯ ಬಿಡು.”

ಬಳೆಗಳು ಜೋರಾಗಿ ಸದ್ದು ಮಾಡಿದವು. ಮುದುಕ ಇನ್ನೊಂದು ಕಜ್ಜಾಯ ಎತ್ತಿಕೊಂಡು ಮೂಲೆಗೆ ನಡೆದರು. ದೀಪದ ಕುಡಿ ನೆಟ್ಟಗಾಯಿತು. ಮೂಲೆಯಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಬಾಗಿಲು ತೆರೆಯಿತು. ಅರ್ಧ ಖಾಲಿಯಾದ ಎಲೆ, ಅದರ ಮುಂದೆ ಬೆವೆತು ಕೂತ ಕದಿರೇಶ.

“ಎಡೆ ತಿಂದ್ಬಿಟ್ಟವ್ನೆ!” ಭಾರತಮ್ಮ ಊರಿಗೇ ಕೇಳುವಂತೆ ಕೂಗಿದರು. “ಸತ್ತೋರಿಗೂ ಬಿಡ್ಲಿಲ್ವಲ್ಲಾ!”

“ಹಸಿವಾಗಿದ್ರೆ ನನ್ನ ಕೇಳ್ಬಾರ್ದಿತ್ತಾ?” ಅಂದಳು ಶ್ವೇತ. ಅವಳ ಕಣ್ಣಲ್ಲಿ ನೀರಿತ್ತು. ಕದಿರೇಶ ಅವಳ ಹಿಂದೆ ನಿಂತ ಅಪ್ಪಾಜಪ್ಪನವರನ್ನೇ ನೋಡುತ್ತಿದ್ದ. ಅವರು ಉಟ್ಟಿದ್ದು ಹಳೇ ಪಂಚೆ.

“ಆವಲಮ್ಮನ ಎಲೆಗೆ ಕೈ ಹಾಕ್ದೋನಿಗೆ ನನ್ ಮೊಮ್ಮಗಳ ಕೈ ಬೇಕಾ? ಹೊರಡು” ಅಂದರು ಅವರು.

ಕದಿರೇಶ ಹೊರಟು ಬೈಕಿನವರೆಗೆ ಹೋಗಿ ನಿಂತ. ಒಳಗೆ ಊಟ ಮುಗಿಯಿತು. ಅಪ್ಪಾಜಪ್ಪ ಬಾಯಿ ಒರೆಸಿಕೊಳ್ಳುತ್ತ ಬಂದು ಕೊಟ್ಟಿಗೆಯ ಹಗ್ಗದ ಮಂಚದ ಮೇಲೆ ಉರುಳಿಕೊಂಡರು. ಆಗ ಅವನಿಗೆ ಎಲ್ಲವೂ ಸ್ಪಷ್ಟವಾಯಿತು. ತಾನೇನೂ ಮಾಡಬೇಕಾಗಿಲ್ಲ. ಸುಮ್ಮನೆ ಇಲ್ಲಿ ನಿಂತು, ತೊಲೆ ಬಿದ್ದ ಮೇಲೆ ಓಡಿ ಹೆಗಲು ಕೊಟ್ಟರೆ ಸಾಕು, ಶ್ವೇತ ತನ್ನವಳು. ಯಾರೂ ಒಂದು ಮಾತು ಆಡುವುದಿಲ್ಲ. ನಡೆದುಹೋದದ್ದನ್ನು ಬದಲಿಸಲು ಆಗುವುದಿಲ್ಲ ಅಂತ ಪಾಠ ಹೇಳಿದವನೂ ತಾನೇ. ಹಾಗೆ ಯೋಚಿಸಿದ ತನ್ನ ಬಗ್ಗೆ ಅವನಿಗೇ ಹೇಸಿಗೆಯಾಯಿತು. ಕೊಟ್ಟಿಗೆಯಿಂದ ಗೊರಕೆ ಕೇಳಿಸಿತು. ಮಂಚದ ಮೇಲಿನ ಬಿಸಿಲುಕೋಲಿನಲ್ಲಿ ಸಣ್ಣ ಮಣ್ಣು ಉದುರತೊಡಗಿತು.

ಕದಿರೇಶ ಓಡಿದ. ಮುದುಕನ ಎರಡೂ ತೋಳು ಹಿಡಿದು ದರದರ ಎಳೆದ.

“ಕೊಲ್ತಾವ್ನೆ! ಬನ್ರೋ!” ಅಪ್ಪಾಜಪ್ಪ ಬೊಬ್ಬೆಯಿಟ್ಟರು.

“ನಾನು ಹೇಳ್ಲಿಲ್ವಾ! ಆ ವಿಡಿಯೋ ನೋಡ್ದಾಗ್ಲೇ ಗೊತ್ತಾಯ್ತು!” ಅಂತ ಭಾರತಮ್ಮ ಓಡಿಬಂದರು. ರಹಮತ್ತುಲ್ಲಾ ಕದಿರೇಶನ ಕಾಲರಿಗೆ ಕೈ ಹಾಕಿದರು. ಮೂವರೂ ಒಬ್ಬರ ಮೇಲೊಬ್ಬರು ಅಂಗಳಕ್ಕೆ ಉರುಳಿದರು. ಅದೇ ಗಳಿಗೆಗೆ ಹಿಂದೆ ತೊಲೆ ಮುರಿದು ಬಿತ್ತು. ಮಂಚ ಪುಡಿಪುಡಿಯಾಯಿತು.

ಧೂಳು ಇಳಿದ ಮೇಲೆ ಅಪ್ಪಾಜಪ್ಪ ಎದ್ದು ಕೂತರು.

“ನಿಂಗೆ ಹೆಂಗೆ ಗೊತ್ತಾಯ್ತು?” ಅಂದರು.

ಕದಿರೇಶ ಎಲ್ಲ ಹೇಳಿದ. ಬಳೆಯ ಸದ್ದು, ಪಂಚೆಯ ಚೀಟಿ, ಸಾಯುವಾಗ ಕೈಯಲ್ಲಿ ಕೈ ಇಟ್ಟದ್ದು, ಒಂದನ್ನೂ ಬಿಡಲಿಲ್ಲ. “ತಿಂದಿದ್ದನ್ನ ಮುಚ್ಕೊಳ್ಳೋಕೆ ಏನೆಲ್ಲಾ ಕಟ್ತಾನೆ ನೋಡಿ” ಅಂದರು ಭಾರತಮ್ಮ. ಆಗಲೇ ಒಳಗಿನಿಂದ ಸುನಂದ ಚೀರಿಕೊಂಡರು.

ಎಲ್ಲರೂ ಕೋಣೆಗೆ ನುಗ್ಗಿದರು. ಎಲೆ ಇಟ್ಟದ್ದು ಇಟ್ಟಂತೆ ಇತ್ತು. ಮುದ್ದೆ ದುಂಡಗೆ ಕೂತಿತ್ತು, ಕಜ್ಜಾಯ ಒಂದೂ ಕಡಿಮೆಯಾಗಿರಲಿಲ್ಲ. ಸಾರಿನ ಮೇಲಿನ ಎಣ್ಣೆ ಕೂಡ ಕದಡಿರಲಿಲ್ಲ. ಅದು ಅರ್ಧ ಖಾಲಿಯಾಗಿದ್ದುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ರಹಮತ್ತುಲ್ಲಾ “ಯಾ ಅಲ್ಲಾ” ಅಂತ ಗೋಡೆ ಹಿಡಿದುಕೊಂಡರು. ಭಾರತಮ್ಮ ಎಲೆಯ ಮೇಲಿನ ಕಜ್ಜಾಯಗಳನ್ನು ಎರಡೆರಡು ಸಲ ಎಣಿಸಿದರು.

“ನೀವು ಸಾಯ್ಲಿಲ್ಲ ತಾತ. ಅದಕ್ಕೇ ಮುಂದಿನ ವರ್ಷ ಎಡೆಗೆ ಹೊರಡಲ್ಲ. ದಾರಿ ತಪ್ಪಿ ಇಲ್ಲಿಗೂ ಬರಲ್ಲ” ಅಂದ ಕದಿರೇಶ ಮೆಲ್ಲಗೆ.

ಅಪ್ಪಾಜಪ್ಪ ಆ ಎಲೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕದಿರೇಶನ ತಲೆಯ ಮೇಲೆ ಕೈಯಿಟ್ಟರು.

“ನಂಬಿದೆ ಕಣಪ್ಪಾ. ಸುಮ್ನೆ ನಿಂತಿದ್ರೆ ನಿಂಗೆ ಹುಡುಗಿ ಸಿಗ್ತಿತ್ತು. ಆದ್ರೂ ಎಳೆದೆ. ನೀನು ದೊಡ್ಡೋನು.”

ಕದಿರೇಶ ಶ್ವೇತಳ ಕಡೆ ನೋಡಿದ. ಅವಳ ಮುಖದಲ್ಲಿ ನಗು ಮೂಡುತ್ತಿತ್ತು.

“ಮಾತೂ ಕೊಟ್ಟಿದ್ದೀನಿ ಅಂತೀಯ. ನಾನು ಮಾತಿಗೆ ತಪ್ಪೋನಲ್ಲ. ಸಾಯೋವಾಗ ಮೊಮ್ಮಗಳ ಕೈ ನಿನ್ ಕೈಯಲ್ಲಿ ಇಟ್ಟೇ ಇಡ್ತೀನಿ.”

“ಸಾಯೋವಾಗ?” ಅಂದ ಕದಿರೇಶ.

“ಅದಕ್ಕೂ ಮುಂಚೆ ಕೊಡ್ತೀನಿ ಅಂತ ನಾನು ಹೇಳಿದ್ನಾ?”

ಕದಿರೇಶನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಇಲ್ಲ ತಾತ” ಅಂದ.

ಅಪ್ಪಾಜಪ್ಪ ಇನ್ನೊಂದು ಮಂಚ ತರಿಸಿ, ಮೇಲೆ ಸೂರೂ ಇಲ್ಲದ, ಮರವೂ ಇಲ್ಲದ ಜಾಗ ಹುಡುಕಿ, ಅಂಗಳದ ನಟ್ಟನಡುವೆ ಹಾಕಿಸಿಕೊಂಡರು. ಮಲಗಿ, ಟವೆಲನ್ನು ಮುಖದ ಮೇಲೆ ಎಳೆದುಕೊಂಡರು. ಮತ್ತೆ ಅದರ ಒಂದು ಮೂಲೆ ಎತ್ತಿ ಅವನನ್ನು ಸಮಾಧಾನ ಮಾಡಿದರು.

“ಯೋಚನೆ ಮಾಡಬೇಡ. ನಂಗೀಗ ಎಪ್ಪತ್ತು. ನಮ್ಮಪ್ಪ ತೊಂಬತ್ತಾರು ದಾಟಿದ್ದ.”