ತೋಳದ ಹಿಕ್ಕೆಗೆ ಆರು ಡಬ್ಬಿ

ನಾಯಿಗೆ ತರಬೇತಿ ಕೊಟ್ಟಿದ್ದೇನೆ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಕೂರು ಎಂದರೆ ಕೂರುತ್ತದೆ, ಕೈ ಕೊಡು ಎಂದರೆ ಕೊಡುತ್ತದೆ, ಅಷ್ಟಕ್ಕೆ ಮನೆಮಂದಿಯೆಲ್ಲ ಬೀಗುತ್ತಾರೆ. ಬಿಸ್ಕತ್ತು ತೋರಿಸಿದರೆ ನಮ್ಮ ಶಾಲೆಯ ಸಹ ಮಾಸ್ತರರೂ ಕೂರುತ್ತಿದ್ದರು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಇಂಥ ನಾನೇ ಈ ತೊಂಬತ್ತರ ದಶಕದ ಮೊದಲಲ್ಲಿ ಒಂದು ನಾಯಿಗೆ ಮೂರು ತಿಂಗಳು ಪಾಠ ಹೇಳಿದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಅದೂ ಕೈ ಕೊಡುವ ಪಾಠವಲ್ಲ, ತೋಳದ ಹಿಕ್ಕೆಯನ್ನು ಮೂಸಿ ಹುಡುಕುವ ಪಾಠ. ಹಿಕ್ಕೆ ಎಂದರೆ ಮಲ. ಇದಕ್ಕಿಂತ ಸಭ್ಯವಾದ ಪದ ನನಗೆ ಗೊತ್ತಿಲ್ಲ, ಹುಡುಕುತ್ತ ಕೂರಲು ವೇಳೆಯೂ ಇಲ್ಲ.

ನಾನು ಡ್ರಿಲ್ ಮಾಸ್ತರನಾಗಿದ್ದವನು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಮಕ್ಕಳನ್ನು ಮೂವತ್ತೊಂದು ವರ್ಷ ಸಾಲಿನಲ್ಲಿ ನಿಲ್ಲಿಸಿದ್ದೇನೆ. ನಿವೃತ್ತನಾದ ಮೇಲೂ ನಾಲ್ಕೂವರೆಗೆ ಏಳುವುದು, ಆರಕ್ಕೆ ವ್ಯಾಯಾಮ, ಎಂಟಕ್ಕೆ ರೊಟ್ಟಿ ತಪ್ಪಲಿಲ್ಲ. ಚಟ ಎಂದರೆ ನಸ್ಯವೊಂದೇ, ಅದಕ್ಕೂ ಟೈಮ್ ಟೇಬಲ್ ಇದೆ: ಬೆಳಿಗ್ಗೆ ಐದು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ವೇಳೆಗೆ ಸರಿಯಾಗಿ ಮಾಡಿದ್ದನ್ನು ಚಟ ಎನ್ನಬಾರದು ಎಂಬುದು ನನ್ನ ವಾದ. ನನ್ನ ಹೆಂಡತಿಯ ವಾದ ಬೇರೆ. "ನಶ್ಯಾ ಏರಿಸಿ ಏರಿಸಿ ನಿಮ್ಮ ಮೂಗು ಸತ್ತು ಹೋಗ್ಯಾದ. ನಿನ್ನಿ ಬ್ಯಾಳಿ ಹೊತ್ತಿ ಓಣಿ ಮಂದಿ ಓಡಿ ಬಂದ್ರು, ನೀವು ಒಲಿ ಮುಂದೇ ಕುಂತು ಪೇಪರ್ ಓದ್ತಿದ್ರಿ," ಎನ್ನುತ್ತಾಳೆ. ಬೇಳೆಯನ್ನು ಕಾಯುವುದು ನನ್ನ ಟೈಮ್ ಟೇಬಲಿನಲ್ಲಿ ಇರಲಿಲ್ಲ.

ಹೆಂಡತಿಯ ತಂಗಿಯ ಮಗ ವೀರೇಶ ಕಾಡುಪ್ರಾಣಿಗಳ ವಿಷಯ ಓದಿದವನು. ಅಂಥದನ್ನು ಓದಲು ಕಾಲೇಜು ಬೇಕೇ ಎಂದು ನಾನು ಕೇಳಿದ್ದೆ, ಅವನು ನಕ್ಕಿದ್ದ. ಅವನೊಮ್ಮೆ ಬಂದು ಕೊಳಕೂರಿನ ಹುಲ್ಲುಗಾವಲಿನ ಕತೆ ಹೇಳಿದ. ಅಲ್ಲಿ ನೀಲಗಿರಿ ನೆಡಬೇಕೆಂದು ಅರಣ್ಯದವರು ಹೊರಟಿದ್ದರು. ಆ ಹುಲ್ಲಿನಲ್ಲಿ ತೋಳ ಇವೆ ಎಂದು ರುಜುವಾತಾದರೆ ಮಾತ್ರ ಕೈಬಿಡುತ್ತಾರೆ. ತೋಳ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಹಿಕ್ಕೆ ಬೇಕು. ಹೊರದೇಶದಲ್ಲಿ ಅದನ್ನು ಹುಡುಕಲು ನಾಯಿಗಳನ್ನು ತಯಾರು ಮಾಡುತ್ತಾರಂತೆ. "ದೊಡ್ಡಪ್ಪ, ಶಿಸ್ತು ಅಂದ್ರ ನೀವೇ. ನಿಮ್ಮನ್ನು ಬಿಟ್ರ ಈ ಕೆಲಸ ಯಾರಿಗೂ ಆಗಂಗಿಲ್ಲ," ಎಂದ. ಹೊಗಳಿಕೆಗೆ ನಾನು ಸೋಲುವವನಲ್ಲ. ಆದರೆ ಅದು ಹೊಗಳಿಕೆಯಲ್ಲ, ವಾಸ್ತವ ಎಂದು ಒಪ್ಪಿಕೊಂಡೆ.

ನಾಯಿ ಕೊಟ್ಟವನು ಕೊಳಕೂರಿನ ಕುರಿಗಾರ ಬೀರಪ್ಪ. ಹೆಸರು ಮೋತಿ. ವರ್ಷವಿಡೀ ಕುರಿ ಕಳೆದುಕೊಳ್ಳುವವನಿಗೆ ತೋಳ ಉಳಿಯಲಿ ಎಂಬ ಆಸೆ ಯಾಕೆಂದು ಕೇಳಿದರೆ, "ತ್ವಾಳ ವರ್ಷಕ್ಕ ಎರಡು ಕುರಿ ಒಯ್ತದರಿ ಮಾಸ್ತರ್ರ. ನೀಲಗಿರಿ ಬಂದ್ರ ಹುಲ್ಲು ಹೋಗ್ತದ, ಹಿಂಡಿಗಿ ಹಿಂಡೇ ಹೋಗ್ತದ," ಎಂದ. ಆಮೇಲೆ ತಲೆ ಕೆರೆದುಕೊಳ್ಳುತ್ತ, "ತ್ವಾಳ ಎಲ್ಲೆಲ್ಲಿ ಕುಂದರ್ತದ ಅಂತ ನನಗ..." ಎಂದು ಏನೋ ಶುರು ಮಾಡಿದ. ಕೈಯಲ್ಲಿ ಗಡಿಯಾರವಿಲ್ಲದವನ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ನನಗಿಲ್ಲ. "ಇದು ಶಾಸ್ತ್ರದ ಕೆಲಸಪ್ಪ, ನೀ ಸುಮ್ಮನಿರು," ಎಂದೆ. ಅವನು ನಾಯಿಯ ಹಗ್ಗ ನನ್ನ ಕೈಗಿತ್ತು ಹೋದ.

ವೀರೇಶ ಯಾವುದೋ ಪ್ರಾಣಿಸಂಗ್ರಹಾಲಯದ ತೋಳದ ಹಿಕ್ಕೆಯನ್ನು ಗಾಜಿನ ಶೀಶೆಗಳಲ್ಲಿ ತಂದುಕೊಟ್ಟ. ಬರಿಗೈಯಲ್ಲಿ ಮುಟ್ಟಬೇಡಿ, ಶೀಶೆ ಬದಲಿಸಬೇಡಿ ಎಂದು ಉಪದೇಶಿಸಿ ಹೋದ. ನಿನ್ನೆ ಮೊನ್ನೆ ಹುಟ್ಟಿದವರು ನನಗೆ ಅಚ್ಚುಕಟ್ಟುತನ ಹೇಳಿಕೊಡುವುದು. ಗಾಜು ಒಡೆಯುತ್ತದೆ ಎಂದು ತಿಳಿಯಲು ಕಾಲೇಜು ಬೇಕಿಲ್ಲ. ನನ್ನ ಮನೆಯಲ್ಲಿ ವರ್ಷಗಳಿಂದ ಜೋಡಿಸಿಟ್ಟ ಖಾಲಿ ನಸ್ಯದ ಡಬ್ಬಿಗಳಿದ್ದವು, ತಗಡಿನವು, ಗಟ್ಟಿ. ಆರನ್ನು ಆರಿಸಿ, ಬೂದಿ ಹಚ್ಚಿ ತಿಕ್ಕಿ, ಬಿಸಿಲಲ್ಲಿ ಒಣಗಿಸಿ, ಮೂಸಿ ನೋಡಿದೆ. ಯಾವ ವಾಸನೆಯೂ ಇರಲಿಲ್ಲ. ಒಂದರಿಂದ ಆರರವರೆಗೆ ನಂಬರು ಬರೆದು ಹಿಕ್ಕೆ ತುಂಬಿದೆ.

ಮುಂದಿನದು ನೋಡುವಂತಿತ್ತು. ವ್ಯಾಯಾಮ ಮುಗಿಸಿ ಬೆಳಿಗ್ಗೆ ಏಳಕ್ಕೆ ಸೀಟಿ. ನಸ್ಯ ಮನೆಯೊಳಗಿನ ಗೂಡಿನಲ್ಲಿ, ಮೋತಿ ಹೊರಗೆ ಹಿತ್ತಿಲಿನಲ್ಲಿ. ಡ್ರಿಲ್ಲಿಗೆ ನಸ್ಯ ಒಯ್ಯುವ ಪದ್ಧತಿ ನನ್ನದಲ್ಲ. ಬಯಲಿನಲ್ಲಿ ದಿನಕ್ಕೊಂದು ಹೊಸ ಜಾಗದಲ್ಲಿ ಡಬ್ಬಿಯ ಮುಚ್ಚಳ ಸಡಿಲಿಸಿ ಹುಲ್ಲಿನಲ್ಲಿ ಇಡುತ್ತಿದ್ದೆ. ಮೋತಿ ಮೂಸುತ್ತ ಹೋಗಿ ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರಬೇಕು, ಕೂತರೆ ರೊಟ್ಟಿಯ ಚೂರು. ಮೂರನೆಯ ತಿಂಗಳಿಗೆ ಎಲ್ಲಿ ಬಚ್ಚಿಟ್ಟರೂ ಒಂದು ನಿಮಿಷದೊಳಗೆ ಕೂತಿರುತ್ತಿತ್ತು. ಓಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಘತ್ತರಗಿಗೆ ದೇವಿಯ ದರ್ಶನಕ್ಕೆ ಹೋದಾಗ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ಅವರು ಮುಂದಿನ ಸೀಟಿಗೆ ಹೋದರು.

ಪರೀಕ್ಷೆಯ ದಿನ ಅರಣ್ಯದ ಸಾಹೇಬರು ಏಳಕ್ಕೆ ಬರಬೇಕಾದವರು ಹತ್ತಕ್ಕೆ ಬಂದರು. ಕ್ಷಮೆಯೂ ಇಲ್ಲ. ಹನ್ನೆರಡರೊಳಗೆ ಮನೆಗೆ ಮರಳುವ ಹಾಗಿರಲಿಲ್ಲ, ಆದ್ದರಿಂದ ಜೀಪು ಹತ್ತುವ ಮುಂಚೆ ಗೂಡಿನಿಂದ ನಸ್ಯದ ಡಬ್ಬಿ ತೆಗೆದು ಜುಬ್ಬದ ಜೇಬಿಗೆ ಹಾಕಿಕೊಂಡೆ. ಬೇರೆಯವರ ಅಶಿಸ್ತು ನಮ್ಮ ಶಿಸ್ತನ್ನು ಹೀಗೆ ಕೆಡಿಸುತ್ತದೆ.

ಕೊಳಕೂರಿನ ಹುಲ್ಲುಗಾವಲಿನಲ್ಲಿ ಬೀರಪ್ಪ ಕೋಲೂರಿ ಕಾಯುತ್ತಿದ್ದ. ಹಿಂದೆ ನಿಲ್ಲು ಎಂದೆ, ನಿಂತ. ಸೀಟಿ ಊದಿದೆ. ಮೋತಿ ಮೂಗು ನೆಲಕ್ಕೆ ಹಚ್ಚಿ ಹೊರಟಿತು. ನೂರು ಹೆಜ್ಜೆ ಹೋಯಿತು, ಏನೋ ಒಂದನ್ನು ದಾಟಿತು, ಇನ್ನಷ್ಟು ಹೋಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ಮೋತಿ ತಲೆ ಎತ್ತಿತು, ಗರಕ್ಕನೆ ಹಿಂದಿರುಗಿ ಓಡಿ ಬಂದು ನನ್ನ ಮುಂದೆ ಕೂತಿತು. ಬೆನ್ನು ನೆಟ್ಟಗೆ, ಕಣ್ಣು ನನ್ನ ಜೇಬಿನ ಮೇಲೆ.

"ಮುಂದೆ," ಎಂದೆ. ಕದಲಲಿಲ್ಲ. ನಾನು ನಾಲ್ಕು ಹೆಜ್ಜೆ ಸರಿದರೆ ಅದೂ ಸರಿದು ಬಂದು ಕೂತಿತು.

ಸಾಹೇಬರು ಕನ್ನಡಕ ಏರಿಸಿದರು. "ವೀರೇಶ, ನಾಯಿ ಕುಂತ್ರ ತೋಳ ಐತಿ ಅಂತ ಅರ್ಥ ಅಲ್ಲೇನು?"

ವೀರೇಶನಿಗೆ ನಗು ಬಂದಿತ್ತೋ ಅಳು ಬಂದಿತ್ತೋ ತಿಳಿಯಲಿಲ್ಲ. "ದೊಡ್ಡಪ್ಪ, ಜೇಬಿನ್ಯಾಗ ಏನದ?"

ಡಬ್ಬಿ ತೆಗೆದೆ. ಮೋತಿ ಬಾಲ ಅಲ್ಲಾಡಿಸಿತು.

ಸಾಹೇಬರು ಫೈಲು ಮುಚ್ಚಿದರು. ಹಾಗಾದರೆ ತೋಳ ಇಲ್ಲ, ಮಳೆಗಾಲಕ್ಕೆ ಸಸಿ ನೆಡಿಸೋಣ ಎಂದು ಜೀಪಿನ ಕಡೆ ತಿರುಗಿದರು. ಆಗ ಹಿಂದಿನಿಂದ ಬೀರಪ್ಪ ಕೆಮ್ಮಿದ. "ಸಾಹೇಬ್ರ, ನಾಯಿ ದಾಟಿ ಬಂತಲ್ರಿ, ಅದೇ ಅದರಿ." ಹೋಗಿ ಕೋಲಿನಿಂದ ಬಿಡಿಸಿ ತೋರಿಸಿದ. ಒಣಗಿ ಬೆಳ್ಳಗಾದ ಹಿಕ್ಕೆ, ಒಳಗೆ ಉಣ್ಣೆ, ಗೊರಸಿನ ಚೂರು. "ನಂದೇ ಕುರೀದು. ಹೋದ ಅಮಾಸಿಗಿ ಒಯ್ದಿತ್ತು." ಆಮೇಲೆ ಬದುವಿನ ಮೇಲೆ ಎರಡು, ಹಳ್ಳದ ದಾರಿಯಲ್ಲಿ ಒಂದು ತೋರಿಸಿದ. ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಲಿಲ್ಲ. ವೀರೇಶ ಒಂದೊಂದನ್ನೂ ಹೊಸ ಶೀಶೆಗೆ ಹಾಕಿಕೊಂಡ.

"ಮೊದಲೇ ಹೇಳಾಕ ಏನಾಗಿತ್ತು ನಿನಗ?" ಎಂದು ಗದರಿದೆ.

"ನೀವು ಕೇಳಿದ್ದು ನಾಯೀಗಿ ಅಲ್ಲೇನ್ರಿ ಮಾಸ್ತರ್ರ," ಎಂದ, ಯಾವ ಕೊಂಕೂ ಇಲ್ಲದೆ. ಅದೇ ಹೆಚ್ಚು ಚುಚ್ಚಿತು.

ಹುಲ್ಲು ಉಳಿಯಿತು. ಸಸಿಗಳು ಬೇರೆಲ್ಲಿಗೋ ಹೋದವು. ವರದಿಯ ಪ್ರತಿಯೊಂದು ನನ್ನ ಬಳಿ ಇದೆ: "ತರಬೇತಿ ಪಡೆದ ಶ್ವಾನದ ನೆರವಿನಿಂದ ತೋಳಗಳ ಇರುವಿಕೆ ಖಚಿತವಾಯಿತು." ಬೀರಪ್ಪನ ಹೆಸರು ಎಲ್ಲಿಯೂ ಇಲ್ಲ. ಕಚೇರಿಯವರ ಸತ್ಯ ಇಷ್ಟೇ ಎಂದು ಬಯ್ಯಬಹುದಿತ್ತು. ಆದರೆ ಕೊನೆಯ ಪುಟದಲ್ಲಿ ತರಬೇತುದಾರ ಎಂಬಲ್ಲಿ ಗುಂಡಗಿನ ಅಕ್ಷರದಲ್ಲಿ ಸಹಿ ಮಾಡಿದವನು ನಾನೇ.

ಮೋತಿಯನ್ನು ಬೀರಪ್ಪ ವಾಪಸು ಒಯ್ಯಲಿಲ್ಲ. "ಕುರಿ ಕಾಯೋದು ಮರ್ತದರಿ ಅದು," ಎಂದ. ಈಗ ನಮ್ಮಲ್ಲೇ ಇದೆ. ಬೆಳಿಗ್ಗೆ ಐದು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ನಾನು ಡಬ್ಬಿ ತೆರೆದ ಕೂಡಲೆ ಬಂದು ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ. "ಕೊಡ್ರಿ ಅದಕ್ಕ, ಮನ್ಯಾಗ ತ್ವಾಳ ಹುಡುಕ್ಯಾದ," ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಾಳೆ. ಕೂತರೆ ರೊಟ್ಟಿ ಕೊಡಬೇಕೆಂಬ ನಿಯಮ ಮಾಡಿದವನು ನಾನು. ದಿನಕ್ಕೆ ಮೂರು ಸಲ ಎದ್ದು ಹೋಗಿ ತಂದು ಕೊಡುತ್ತೇನೆ. ಒಂದು ದಿನವೂ ತಪ್ಪಿಲ್ಲ.